ಇಡೀ ಸೆಮಿಸ್ಟರಿನ ಡೈರಿಗೆ ಒಂದೇ ದಿನ ಸಹಿ ಕೇಳಬೇಡಿ

ಗೆ,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಬಿ.ಎಸ್.ಡಬ್ಲ್ಯು. (ಸಮಾಜಕಾರ್ಯ) ಪದವಿ ನಡೆಸುತ್ತಿರುವ ಮತ್ತು ಹೊಸದಾಗಿ ತೆರೆಯಬೇಕೆಂದಿರುವ ಕಾಲೇಜುಗಳ ಪ್ರಾಂಶುಪಾಲರಿಗೆ, ಸಮಾಜಕಾರ್ಯ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ

ವಿಷಯ: ಸಮಾಜಕಾರ್ಯ ಪದವಿಯ ಪ್ರವೇಶ, ಕ್ಷೇತ್ರಕಾರ್ಯ ಮತ್ತು ಪಠ್ಯದ ಕುರಿತು

ಮಾನ್ಯರೇ,

ಸಿಂಧನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು 12 ವರ್ಷದಿಂದ ಇದ್ದೇನೆ. ಸಮಾಜಕಾರ್ಯ ಓದುವ ನಿಮ್ಮ ಹುಡುಗ ಹುಡುಗಿಯರು ಕ್ಷೇತ್ರಕಾರ್ಯಕ್ಕೆಂದು ಬರುವುದು ನಮ್ಮಂಥವರ ಹತ್ತಿರಕ್ಕೇ. ಅವರ ಡೈರಿಯ ಕೊನೆಯಲ್ಲಿ 'ಸಂಸ್ಥೆಯ ಮೇಲ್ವಿಚಾರಕರ ಸಹಿ' ಎಂದು ಒಂದು ಗೆರೆ ಇರುತ್ತದಲ್ಲ, ಅಲ್ಲಿ ಬೀಳುವ ಸಹಿ ನನ್ನದು. ಆ ಸಹಿಯ ವಿಚಾರಕ್ಕೇ ಈ ಪತ್ರ ಬರೆಯಬೇಕಾಯಿತು.

ಹೋದ ಸಲ ಸೆಮಿಸ್ಟರ್ ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಒಬ್ಬ ಹುಡುಗಿ ಆಫೀಸಿಗೆ ಬಂದಳು. ಬಿ.ಎಸ್.ಡಬ್ಲ್ಯು. ಎರಡನೇ ವರ್ಷ. ಬ್ಯಾಗಿನಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟು, "ಮೇಡಂ, ಸೈನ್ ಮಾಡಿಕೊಡ್ರಿ" ಅಂದಳು. ತೆರೆದು ನೋಡಿದೆ. 24 ದಿನದ ವರದಿ, ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ಬರೆದದ್ದು. ಪ್ರತಿ ಪುಟದಲ್ಲೂ 'ಸಮುದಾಯಕ್ಕೆ ಭೇಟಿ ನೀಡಲಾಯಿತು, ಜನರೊಂದಿಗೆ ಚರ್ಚಿಸಲಾಯಿತು, ಸಮಸ್ಯೆಗಳನ್ನು ಅರಿಯಲಾಯಿತು.' ಒಂದು ತಾರೀಖು ದೀಪಾವಳಿ ಅಮಾವಾಸ್ಯೆಯದು. ಅವತ್ತು ನಮ್ಮ ಆಫೀಸಿಗೆ ಬೀಗ.

"ಯಾವ ಊರಿಗೆ ಹೋಗಿದ್ದೆವ್ವಾ?" ಅಂತ ಕೇಳಿದೆ. ಸುಮ್ಮನೆ ನಿಂತಳು. ಆಮೇಲೆ ಹೇಳಿದಳು: "ಯಾರೂ ಕಳಿಸಲಿಲ್ರಿ ಮೇಡಂ. ಮೊನ್ನೆ ಹೇಳಿದ್ರು, ಡೈರಿ ಬರಕೊಂಡು ಸೈನ್ ಮಾಡಿಸ್ಕೊಂಡು ಬರ್ರಿ ಅಂತ. ನಮ್ಮ ಕ್ಲಾಸಿನಾಗ ಎಲ್ಲಾರೂ ಹಂಗ ಬರದಾರ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವರವ್ವ ಹತ್ತಿ ಬಿಡಿಸಿದ ಕೂಲಿಯಲ್ಲಿ ಪರೀಕ್ಷಾ ಶುಲ್ಕ ಕಟ್ಟಿದ್ದಳು ಎಂದು ಮಾತಿನಲ್ಲಿ ತಿಳಿಯಿತು. ಸಹಿ ಹಾಕಲಿಲ್ಲ. "ನಾಳೆ ನಸುಕಿನ್ಯಾಗ ಬಸ್ ಸ್ಟ್ಯಾಂಡಿಗೆ ಬಾ, ಅಲ್ಲಿಂದ ಶುರು ಮಾಡೂಣು" ಅಂದೆ.

ಬಂದಳು. ಕೂಲಿ ಹುಡುಕಿ ಊರು ಬಿಟ್ಟು ಗುಳೆ ಹೋಗುವ ದಿನಗಳು ಅವು. ಈ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಜೋಳದ ಹಿಟ್ಟಿನ ಚೀಲ, ಕೌದಿಯ ಗಂಟು, ಅಲ್ಯೂಮಿನಿಯಂ ಬೋಗುಣಿ, ಒಂದು ಸ್ಟವ್ವು, ಅದರ ಮೇಲೆ ಕೂತ ಕೂಸು. ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದ ಒಂದು ಸಂಸಾರದಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಸ್ಕೂಲಿನ ನೀಲಿ ಲಂಗದಲ್ಲೇ ಕೂತಿದ್ದಳು. ನಾನು ದೂರ ನಿಂತೆ. ನಿಮ್ಮ ವಿದ್ಯಾರ್ಥಿನಿ ಹೋಗಿ ಆ ತಾಯಿಯ ಪಕ್ಕ ನೆಲದ ಮೇಲೆ ಕೂತಳು. ಶಾಲೆ ಯಾಕೆ ಬಿಡಿಸಿದಿರಿ ಎಂದು ಕೇಳಲಿಲ್ಲ. "ಎಲ್ಲಿ ಕೆಲಸ ಐತಿ ಬೇ? ಮೇಸ್ತ್ರಿ ಮುಂಗಡ ಎಷ್ಟು ಕೊಟ್ಟಾನ?" ಎಂದು ಕೇಳಿದಳು. ಅರ್ಧ ಗಂಟೆ ಮಾತಾಡಿದ ಮೇಲೆ ಆ ತಾಯಿ ತಾನಾಗಿಯೇ ಹೇಳಿದಳು: "ಇಕಿ ಬಂದ್ರ ಸಣ್ಣದನ್ನ ನೋಡ್ಕೊಂತಾಳ. ಇಲ್ಲೇ ಬಿಟ್ರ ಮುದುಕಿ ಕೈಯಾಗ ಹರೇದ ಹುಡುಗಿನ ಹೆಂಗ ಬಿಡೂದು ಹೇಳು ತಂಗಿ."

ಆ ಒಂದು ಮಾತಿನಲ್ಲಿ ಸಮಸ್ಯೆ ಇಷ್ಟೂ ಇದೆ. ಬಡತನ ಮಾತ್ರ ಅಲ್ಲ ಅದು. ಕೂಸು ನೋಡಿಕೊಳ್ಳುವವರಿಲ್ಲ, ಬೆಳೆಯುವ ಹುಡುಗಿಗೆ ಊರಲ್ಲಿ ಭದ್ರತೆ ಇಲ್ಲ ಎಂಬ ಎರಡು ಗಂಟುಗಳು. ಹೆಣ್ಣುಮಕ್ಕಳಿಗೆಂದು ಸರ್ಕಾರ ನಡೆಸುವ ಕಸ್ತೂರಬಾ ವಸತಿ ಶಾಲೆಯ ಮಾತು ತೆಗೆದಾಗ ತಾಯಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಅವತ್ತಿನ ಬಸ್ಸು ತಪ್ಪಲಿಲ್ಲ, ಹುಡುಗಿ ಹೋದಳು. ಆದರೆ ತಾಯಿಯ ಫೋನ್ ನಂಬರು ನಮ್ಮಲ್ಲಿತ್ತು. ನಿಮ್ಮ ವಿದ್ಯಾರ್ಥಿನಿ ವಾರಕ್ಕೊಮ್ಮೆ ಮಾತಾಡುತ್ತಾ, ಶಾಲೆಯ ಮುಖ್ಯ ಗುರುಗಳ ಹತ್ತಿರ ತಾನೇ ಓಡಾಡಿ, ಒಂದೂವರೆ ತಿಂಗಳಿಗೆ ಆ ಮಗುವನ್ನು ವಸತಿ ಶಾಲೆಗೆ ಸೇರಿಸಿದಳು. ಅದನ್ನೆಲ್ಲ ಅವಳು ಕನ್ನಡದಲ್ಲಿ 11 ಪುಟ ಬರೆದು ತಂದಾಗ ನಾನು ಸಹಿ ಹಾಕಿದೆ. ಆ ಸೆಮಿಸ್ಟರಿನ ಕ್ಷೇತ್ರಕಾರ್ಯದ ಅಂಕ ಅಷ್ಟರೊಳಗೆ ಹೋಗಿಬಿಟ್ಟಿತ್ತು. ಹಳೆಯ ಡೈರಿಗೆ ಬೇರೆ ಕಡೆ ಸಹಿ ಮಾಡಿಸಿಕೊಂಡವರಿಗೆಲ್ಲ ಒಳ್ಳೆಯ ಅಂಕ, ಇವಳಿಗೆ ಕಡಿಮೆ. ಇದು ನನ್ನ ಮೊದಲ ದೂರು.

ಈ ಹುಡುಗಿಗೆ ಇಲ್ಲದ್ದು ಬುದ್ಧಿಯಲ್ಲ, ಮನಸ್ಸೂ ಅಲ್ಲ. ಕಳಿಸುವವರು ಇರಲಿಲ್ಲ. ಸಮಾಜಕಾರ್ಯದ ಓದಿನಲ್ಲಿ ವಾರಕ್ಕೆ 2 ದಿನ ಕ್ಷೇತ್ರಕಾರ್ಯ ಎನ್ನುವುದು ನಿನ್ನೆ ಮೊನ್ನೆ ಬಂದ ಪದ್ಧತಿಯಲ್ಲ. 1936ರಲ್ಲಿ ಮುಂಬೈಯಲ್ಲಿ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಶುರುವಾಗಿ ಈ ದೇಶಕ್ಕೆ ಈ ವಿದ್ಯೆ ಬಂತು. ನಮ್ಮ ರಾಜ್ಯದಲ್ಲಿ ಮಂಗಳೂರಿನ ರೋಶನಿ ನಿಲಯ ಎಂಬ ಸಮಾಜಕಾರ್ಯದ ಶಾಲೆ 1960ರಲ್ಲಿ ಆರಂಭವಾಯಿತು. ವೈದ್ಯ ಓದುವವರಿಗೆ ವಾರ್ಡ್ ಹೇಗೋ ನಮಗೆ ಓಣಿ ಹಾಗೆ. ವಾರ್ಡಿಗೆ ಕಾಲಿಡದವನಿಗೆ ಯಾರೂ ವೈದ್ಯ ಪದವಿ ಕೊಡುವುದಿಲ್ಲ. ಓಣಿ ನೋಡದವರಿಗೆ ನೀವು ಸಮಾಜಕಾರ್ಯದ ಪದವಿ ಕೊಡುತ್ತಿದ್ದೀರಿ.

ಹಾಗೆ ಪದವಿ ಪಡೆದವರಲ್ಲಿ ನಾನೂ ಒಬ್ಬಳು. ಬಿ.ಎ.ಗೆಂದು ಹೋದಾಗ ಪ್ರವೇಶದ ಕಿಟಕಿಯಲ್ಲಿದ್ದವರು, "ಬಿ.ಎ. ಸೀಟು ತುಂಬ್ಯಾವ, ಬಿ.ಎಸ್.ಡಬ್ಲ್ಯು. ಖಾಲಿ ಐತಿ, ತಗೋ" ಅಂದರು. ತಗೊಂಡೆ. ಅದು ಏನು ಓದು, ಮುಂದೆ ಎಲ್ಲಿಗೆ ಒಯ್ಯುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ವರ್ಷದ ನನ್ನ ಕ್ಷೇತ್ರಕಾರ್ಯವೆಂದರೆ ಎರಡು ಸಮೀಕ್ಷೆ, ಒಂದು ಏಡ್ಸ್ ದಿನದ ಜಾಥಾ, ಒಂದು ಎನ್.ಎಸ್.ಎಸ್. ಶಿಬಿರದ ಜೊತೆ ಸೇರಿಸಿದ ಗ್ರಾಮೀಣ ಶಿಬಿರ. ಆಮೇಲೆ ಕೆಲಸಕ್ಕೆ ಸೇರಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಒಂದು ಹಳ್ಳಿಯಿಂದ ಒಂಬತ್ತು ವರ್ಷದ ಮಗುವನ್ನು ನನ್ನ ಮುಂದೆ ತಂದು ಕೂರಿಸಿದರು. ನನಗೆ ಗೊತ್ತಿದ್ದದ್ದು ಪ್ರಶ್ನಾವಳಿ ತುಂಬುವುದೊಂದೇ. ಏನಾಯಿತು, ಯಾವಾಗ ಆಯಿತು, ಯಾರು ಎಂದು ಕೇಳಿದೆ. ಮಗು ಅರ್ಧ ಹೇಳಿತು. ಸರಿಯಾಗಿ ಬರೆದುಕೊಳ್ಳಬೇಕೆಂದು ಮತ್ತೆ ಮೊದಲಿನಿಂದ ಕೇಳಿದೆ. ಆ ಹೊತ್ತಿಗೆ ನಮ್ಮ ಸಂಯೋಜಕರು ಬಂದರು, ಅವರ ಎದುರು ಇನ್ನೊಮ್ಮೆ ಕೇಳಿದೆ. ಮೂರನೇ ಸಲಕ್ಕೆ ಮಗು ಬಾಯಿ ಮುಚ್ಚಿತು. ಮುಂದೆ ಎಷ್ಟೋ ದಿನ ಯಾರ ಹತ್ತಿರವೂ ಅದು ಆ ಮಾತು ಎತ್ತಲಿಲ್ಲ. ಮಗುವಿಗೆ ಪದೇ ಪದೇ ಅದನ್ನೇ ಹೇಳಿಸಬಾರದು ಎಂಬುದು ಆ ಕಾಯ್ದೆಯ ಜೀವಾಳವೇ ಆಗಿತ್ತೆಂದು ನಾನು ಓದಿಕೊಂಡದ್ದು ಆಮೇಲೆ. ಆ ಮಗುವಿನ ಮುಖ ಇವತ್ತಿಗೂ ನನಗೆ ನೆನಪಿದೆ. ಕ್ಲಾಸಿನಲ್ಲಿ ಒಂದು ದಿನ, ಒಬ್ಬ ಅನುಭವಿಯ ಪಕ್ಕದಲ್ಲಿ ಸುಮ್ಮನೆ ಕೂತು ನೋಡುವ ಒಂದೇ ಒಂದು ದಿನ ನನಗೆ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ.

ಮಾನ್ಯರೇ, ಪ್ರವೇಶದ ಕಿಟಕಿಯಲ್ಲಿ ಇಂದಿಗೂ ಅದೇ ಮಾತು ನಡೆದಿದೆ. ಪಿಯುಸಿ ಮುಗಿಸಿದ ಮಕ್ಕಳು, ಅವರ ಜೊತೆ ಬಂದ ಅಪ್ಪ ಅವ್ವ ಕೇಳುವುದು ಒಂದೇ: "ಇದು ಓದಿದ್ರ ನೌಕರಿ ಏನು ಸಿಗತೈತ್ರಿ?" ಅದಕ್ಕೆ 'ಎನ್‌ಜಿಒ ಅದಾವು' ಎಂಬ ಉತ್ತರ ಸಾಲದು. ಅವರು ಮೂರು ವರ್ಷದ ಕೂಲಿ ಬಿಟ್ಟು ಮಗಳನ್ನು ಓದಿಸುತ್ತಾರೆ. ಆ ಮೂರು ವರ್ಷವನ್ನು ಹೇಗೆ ಜೋಡಿಸಿಕೊಳ್ಳಬೇಕೆಂದು ಮೊದಲ ದಿನವೇ ಅವರ ಮುಂದೆ ಬಿಡಿಸಿ ಇಡಬೇಕು.

ನಾನಾದರೆ ಹೀಗೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಬಿ.ಎಸ್.ಡಬ್ಲ್ಯು. ಮೊದಲ ಮೆಟ್ಟಿಲು ಮಾತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 'ಮನೋವೈದ್ಯಕೀಯ ಸಮಾಜ ಕಾರ್ಯಕರ್ತ' ಎಂದು ಯಾರನ್ನು ಕರೆಯಬೇಕೆಂದು ಬರೆದಿಟ್ಟಿದೆ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿರಬೇಕು, ಅದರ ಮೇಲೆ 2 ವರ್ಷದ ಪೂರ್ಣಾವಧಿ ತರಬೇತಿ ಆಗಿರಬೇಕು. ಅಂದರೆ ಪಿಯುಸಿಯಿಂದ ಲೆಕ್ಕ ಹಾಕಿದರೆ 7 ವರ್ಷ. ಇದನ್ನು ಮೂರನೇ ವರ್ಷದ ಕೊನೆಗೆ ಹೇಳಿದರೆ ಆ ಹುಡುಗಿಯ ಮದುವೆ ಗೊತ್ತಾಗಿರುತ್ತದೆ. ಅಂಗವಿಕಲ ಮಕ್ಕಳ ಜೊತೆ ಇರಬೇಕೆನ್ನುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕೋರ್ಸ್ ಬೇರೆಯೇ ಇದೆ, ಬರೀ ಬಿ.ಎಸ್.ಡಬ್ಲ್ಯು. ಇಟ್ಟುಕೊಂಡು ವಿಶೇಷ ಶಿಕ್ಷಕರಾಗಲು ಬರುವುದಿಲ್ಲ ಎಂದು ಮೊದಲೇ ತಿಳಿಸಬೇಕು. ತೋರಣಗಲ್ಲು, ಗಿಣಿಗೇರಿ ಕಡೆಯ ಹುಡುಗರಿಗೆ ಕಾರ್ಖಾನೆ ಕಣ್ಣೆದುರೇ ಇದೆ. ಕಾರ್ಮಿಕರಿಗಾಗಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆ ದಾರಿ ಹಿಡಿಯುವವರು ಕಾರ್ಮಿಕ ಕಾನೂನನ್ನು ಮೊದಲಿನಿಂದ ಓದಿಕೊಳ್ಳಬೇಕು. ಪಾಠ ಹೇಳುವ ಆಸೆ ಇದ್ದವರಿಗೆ ಎಂ.ಎಸ್.ಡಬ್ಲ್ಯು., ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್. ಮಕ್ಕಳ ರಕ್ಷಣಾ ಘಟಕ, ನೊಂದ ಹೆಣ್ಣುಮಕ್ಕಳ ನೆರವಿನ ಸಖಿ ಕೇಂದ್ರ, ಎಚ್.ಐ.ವಿ. ಪರೀಕ್ಷಾ ಕೇಂದ್ರದ ಆಪ್ತಸಮಾಲೋಚನೆ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ, ಪ್ರತಿಯೊಂದಕ್ಕೂ ಕೇಳುವ ಅರ್ಹತೆ ಬೇರೆ ಬೇರೆ. ಬಹಳಷ್ಟು ಹುದ್ದೆಗಳು ಗುತ್ತಿಗೆಯವು, ಸಂಬಳ ತಡವಾಗಿ ಬರುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಆಯ್ಕೆ ಅವರದು, ಆದರೆ ತಿಳಿದು ಆಯ್ಕೆ ಮಾಡಲಿ.

ಈ ಒಂದು ಗಂಟೆಯ ಮಾತಿಗೆ ಹೊಸ ಹುದ್ದೆ ಬೇಡ, ಅನುದಾನ ಬೇಡ.

ಇನ್ನು ಪಠ್ಯದ ವಿಚಾರ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಅಷ್ಟರಲ್ಲಿ ಪುಸ್ತಕಗಳೂ ಬದಲಾದವು, ಹುಡುಗರು ಗೊಂದಲಕ್ಕೆ ಬಿದ್ದರು. ಆ ಗೊಂದಲದ ಹೊಣೆ ನಿಮ್ಮ ಮೇಲೆ ಹಾಕುವುದಿಲ್ಲ. ಆದರೆ ಎಷ್ಟು ಸಲ ತಿದ್ದಿದರೂ ನಮ್ಮ ಊರು ಅದರೊಳಗೆ ಬರಲಿಲ್ಲವಲ್ಲ ಎಂಬುದು ನನ್ನ ಸಂಕಟ. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಅಮೆರಿಕದ ಸಮಾಜಕಾರ್ಯದ ಇತಿಹಾಸ ಇಸವಿ ಸಮೇತ ಬಾಯಿಪಾಠ. ಬಳ್ಳಾರಿಯ ಚರಿತ್ರೆ ಕೇಳಿದರೆ ಗೊತ್ತಿಲ್ಲ.

ಬಳ್ಳಾರಿಯ ಯಾವ ಚರಿತ್ರೆ ಎನ್ನುತ್ತೀರಾ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಕಾಯಿಲೆ ಗುರುತಿಸಿ ಮದ್ದು ಕೊಡಬಹುದೆಂದು ತೋರಿಸಿದರು. ಅದನ್ನು ಇಡೀ ದೇಶ 'ಬಳ್ಳಾರಿ ಮಾದರಿ' ಎಂದು ಕರೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಇದೇ ಮಾದರಿಯ ಮೇಲೆ. ದೇಶಕ್ಕೆ ದಾರಿ ತೋರಿದ ಜಿಲ್ಲೆಯ ಮಕ್ಕಳು ಅದನ್ನು ತಮ್ಮ ಕ್ಲಾಸಿನಲ್ಲಿ ಕೇಳದೆ ಪದವಿ ಮುಗಿಸುತ್ತಾರೆ. ಯಾವ ಆರೋಗ್ಯ ಕೇಂದ್ರಗಳಲ್ಲಿ ಆ ಕೆಲಸ ನಡೆಯಿತು, ಈಗ ಅಲ್ಲಿ ಏನಿದೆ ಎಂದು ಹೋಗಿ ನೋಡಿ ಬರುವುದೇ ಒಂದು ಸೆಮಿಸ್ಟರಿನ ಕ್ಷೇತ್ರಕಾರ್ಯವಾಗುತ್ತದೆ.

ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ 1982ರಲ್ಲೇ ಬಂತು. ಕಾಗದದ ಮೇಲೆ ಅದು ಮುಗಿದ ಮಾತು. ಈ ಮೂರೂ ಜಿಲ್ಲೆಗಳಲ್ಲಿ ಆ ತಾಯಂದಿರಿದ್ದಾರೆ, ಅವರ ಮಕ್ಕಳಿದ್ದಾರೆ, ಆ ಮಕ್ಕಳಲ್ಲಿ ಕೆಲವರು ನಿಮ್ಮ ಕ್ಲಾಸಿನಲ್ಲೇ ಕೂತಿದ್ದಾರೆ. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ಪೆನ್ನು ನಿಲ್ಲಿಸುವ ಹುಡುಗನನ್ನು ನಾನು ನೋಡಿದ್ದೇನೆ. ಅವನ ಪಾಠದಲ್ಲಿ ಅದು 'ಸಾಮಾಜಿಕ ಪಿಡುಗುಗಳು' ಎಂಬ ಅಧ್ಯಾಯದ ಐದು ಅಂಕದ ಪ್ರಶ್ನೆ. ಆ ಅಧ್ಯಾಯವನ್ನು ಮತ್ತೆ ಬರೆಯುವಾಗ ದಯವಿಟ್ಟು ಆ ತಾಯಂದಿರನ್ನು ಕರೆದು ಕೂರಿಸಿಕೊಳ್ಳಿ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳುತ್ತೇನೆ, ನಮ್ಮ ಮಕ್ಕಳ ಕೈಯಲ್ಲಿರುವ ಆಸ್ತಿ ಯಾವ ನಗರದ ಕಾಲೇಜಿನಲ್ಲೂ ಸಿಗದು. ಸಿಂಧನೂರಿನ ಕಾಲುವೆ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ರಾಯಚೂರಿನ ಓಣಿಗಳಲ್ಲಿ ಉರ್ದು, ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ಎರಡು ಮೂರು ಭಾಷೆ ಬಾರದ ಹುಡುಗರು ನಮ್ಮ ಕಡೆ ಕಡಿಮೆ. ನೊಂದವರ ಮನೆ ಬಾಗಿಲಲ್ಲಿ ನಿಂತಾಗ ಕೆಲಸಕ್ಕೆ ಬರುವುದು ಅದೇ. ಆದರೆ ಇಂಗ್ಲಿಷಿನಲ್ಲಿ ವರದಿ ಬರೆಯಲು ಬಾರದೆಂದು ಅವರನ್ನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದೇವೆ. ಕ್ಷೇತ್ರಕಾರ್ಯದ ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಜನ ಆಡಿದ ಮಾತನ್ನು ಆಡಿದ ಹಾಗೇ ಬರೆಯಲಿ. ಎಂ.ಎಸ್.ಡಬ್ಲ್ಯು.ಗೆ ಹೋಗುವವರಿಗೆ ಇಂಗ್ಲಿಷ್ ಬೇಕು, ಅದನ್ನು ಬೇರೆಯಾಗಿ, ಚೆನ್ನಾಗಿ ಕಲಿಸಿ.

ಸಮಾಜಕಾರ್ಯ ಓದಿದವರಿಂದಲೇ ಸಮಾಜಕಾರ್ಯದ ಪಾಠ ಮಾಡಿಸಬೇಕೆಂಬುದನ್ನು ಹೆಚ್ಚು ವಿವರಿಸಬೇಕಿಲ್ಲ. ಅತಿಥಿ ಉಪನ್ಯಾಸಕರು ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುತ್ತಾ ಕ್ಷೇತ್ರಕಾರ್ಯಕ್ಕೆ ಮಕ್ಕಳ ಹಿಂದೆ ತಮ್ಮ ಕೈಯಿಂದ ಬಸ್ ಚಾರ್ಜ್ ಹಾಕಿಕೊಂಡು ಬಂದದ್ದನ್ನೂ ನಾನು ಕಂಡಿದ್ದೇನೆ. ಅಂಥವರಿಗೆ ನನ್ನ ನಮಸ್ಕಾರ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳನ್ನು ಇಡುತ್ತೇನೆ. ಕ್ಷೇತ್ರಕಾರ್ಯದ 2 ದಿನಗಳನ್ನು ವೇಳಾಪಟ್ಟಿಯಲ್ಲಿ ಬರೆದು, ಆ ದಿನ ಬೇರೆ ಯಾವ ಕ್ಲಾಸನ್ನೂ, ಯಾವ ಸಮಾರಂಭವನ್ನೂ ಇಡಬೇಡಿ. ವೇದಿಕೆ ಮುಂದಿನ ಕುರ್ಚಿ ತುಂಬಿಸಲು ಸಮಾಜಕಾರ್ಯದ ಮಕ್ಕಳನ್ನೇ ಕರೆಸುವ ರೂಢಿ ನಿಲ್ಲಲಿ. 40 ಮಕ್ಕಳನ್ನು ಒಂದೇ ಸಂಸ್ಥೆಗೆ ತುಂಬಬೇಡಿ. ನಮಗೆ ಐದಾರು ಜನರಿಗಿಂತ ಹೆಚ್ಚು ಮಂದಿಯನ್ನು ನೋಡಿಕೊಳ್ಳಲು ಆಗದು. ಗ್ರಾಮ ಪಂಚಾಯಿತಿ, ಅಂಗನವಾಡಿ, ತಾಲ್ಲೂಕು ಆಸ್ಪತ್ರೆ, ವಸತಿ ನಿಲಯ ಇವೆಲ್ಲ ಇವೆಯಲ್ಲ, ಅಲ್ಲಿಗೆ ಕಾಲೇಜಿನಿಂದ ಒಂದು ಪತ್ರ ಬರೆಯಿರಿ. ಹುಡುಗಿಯರನ್ನು ಕಳಿಸುವಾಗ ಯಾರ ಬಳಿ ಹೋಗುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ, ಕೊನೆಯ ಬಸ್ಸು ಯಾವುದು ಎಂಬುದು ಮನೆಯವರಿಗೆ ಬರಹದಲ್ಲಿ ತಿಳಿದಿರಲಿ. ಎಷ್ಟೋ ತಂದೆಯರು ಹೆಣ್ಣುಮಕ್ಕಳನ್ನು ಈ ಓದಿನಿಂದ ಬಿಡಿಸುವುದು ಆ ಒಂದು ಚೀಟಿ ಇಲ್ಲದ್ದಕ್ಕೇ. ವಾರದ ಡೈರಿಯನ್ನು ಆ ವಾರವೇ ನೋಡಿ, ಕೆಂಪು ಶಾಯಿಯಲ್ಲಿ ಒಂದು ಸಾಲಾದರೂ ಬರೆಯಿರಿ.

ಅಧ್ಯಯನ ಮಂಡಳಿಯವರಲ್ಲಿ ಒಂದು ವಿಶೇಷ ಕೋರಿಕೆ. ಗುಳೆ, ದೇವದಾಸಿ ತಾಯಂದಿರು, ಸಂಡೂರಿನ ಗಣಿ, ಕುಷ್ಟಗಿ ಕಡೆಯ ಫ್ಲೋರೈಡ್ ನೀರು, ಬಳ್ಳಾರಿ ಮಾದರಿ, ಇವಿಷ್ಟನ್ನು ಸೇರಿಸಿ ಪದವಿಗೆ ಒಂದು ಪಠ್ಯವಿಷಯ ರೂಪಿಸಿ. ಮಂಡಳಿಯ ಸಭೆಗೆ ಕ್ಷೇತ್ರದಲ್ಲಿ ದುಡಿಯುವ ಇಬ್ಬರನ್ನಾದರೂ ಕರೆಯಿರಿ. ಸಂವಿಧಾನದಲ್ಲಿ ಈ ಭಾಗಕ್ಕೆಂದು 371(ಜೆ) ವಿಧಿ ಬಂದ ಮೇಲೆ ಈ ಭಾಗದ ಹುದ್ದೆಗಳಲ್ಲಿ ಈ ಭಾಗದ ಮಕ್ಕಳಿಗೆ ಪಾಲು ಸಿಕ್ಕಿದೆ. ಆ ಪಾಲಿಗೆ ತಕ್ಕ ತಯಾರಿ ಕೊಡಬೇಕಾದವರು ನೀವು. ಇಲಾಖೆಗಳು ಸಮಾಜಕಾರ್ಯದ ಹುದ್ದೆಗೆ 'ಯಾವುದೇ ಪದವಿ' ಎಂದು ಜಾಹೀರಾತು ಕೊಟ್ಟಾಗ, ಅದನ್ನು ಪ್ರಶ್ನಿಸಿ ನೀವೂ ಒಂದು ಪತ್ರ ಬರೆದರೆ ನಮ್ಮ ದನಿಗಿಂತ ಅದಕ್ಕೆ ತೂಕ ಹೆಚ್ಚು.

ನನ್ನ ಕಡೆಯಿಂದ ಎರಡು ಮಾತು ಕೊಡುತ್ತೇನೆ. ಇನ್ನು ಮುಂದೆ ಕಟ್ಟು ಕಟ್ಟಿ ತಂದ ಡೈರಿಗೆ ನಾನು ಸಹಿ ಹಾಕುವುದಿಲ್ಲ. ಯಾರ ಶಿಫಾರಸು ಬಂದರೂ ಇಲ್ಲ. ಎರಡನೆಯದು, ಬರುವ ಪ್ರವೇಶದ ದಿನಗಳಲ್ಲಿ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಇಬ್ಬರು, ಕರೆದ ಕಾಲೇಜಿಗೆ ನಮ್ಮ ಖರ್ಚಿನಲ್ಲೇ ಬಂದು ಕೂರುತ್ತೇವೆ. ಪ್ರವೇಶದ ಕಿಟಕಿಯ ಪಕ್ಕ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಸಿಕೊಡಿ. ಮಗಳ ಅಂಕಪಟ್ಟಿ ಹಿಡಿದುಕೊಂಡು ಬಂದ ಅಪ್ಪ ಅವ್ವ ನಿಂತುಕೊಂಡು ಕೇಳುವುದು ಬೇಡ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಕ್ಷೇತ್ರಕಾರ್ಯದ ಮೇಲ್ವಿಚಾರಕಿ, ಹಳೆಯ ಬಿ.ಎಸ್.ಡಬ್ಲ್ಯು. ವಿದ್ಯಾರ್ಥಿನಿ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ